ಶೀರೀನ್ ಬೇಗಂ ಗೋರಿಯ ಕೆಂಪು ಎಸಳು

ತಲೆಗೆ ಮೂರು ಸಾವಿರದ ಇನ್ನೂರು. ಗಾಡಿ, ಡೀಸೆಲ್, ಟೋಲು, ಮಧ್ಯಾಹ್ನದ ಪೂರಿ-ಆಲೂ, ಗೈಡ್ ಎಲ್ಲ ಅದರಲ್ಲೇ ಬಂತು. ಟಿಕೆಟ್ಟು ಬೇರೆ. ತಾಜ್‌ಮಹಲಿಗೆ ಒಂದು ದರ, ಒಳಗೆ ಗೋರಿಯ ಕಟ್ಟೆ ಹತ್ತಬೇಕೆಂದರೆ ಅದರ ಮೇಲೆ ಇನ್ನೊಂದು, ಕೋಟೆಗೆ ಮತ್ತೊಂದು. ಬೆಳಿಗ್ಗೆ ಆಗ್ರಾದಲ್ಲಿ ಇಳಿದವರಿಗೆ ಊರು ತೋರಿಸಿ ಸಂಜೆಯ ದಿಲ್ಲಿ ರೈಲು ಹತ್ತಿಸುವ ಈ ಲೆಕ್ಕವನ್ನು ಕುಸುಮ್ ಕುಲಶ್ರೇಷ್ಠ ಇಪ್ಪತ್ತು ವರ್ಷದಿಂದ ಒಪ್ಪಿಸುತ್ತ ಬಂದಿದ್ದಳು. ಪೊಲೀಸರ ಬಾಬ್ತು ಅದರಲ್ಲಿ ಒಂದು ದಿನವೂ ಬಂದಿರಲಿಲ್ಲ.

ಇವತ್ತು ಬಂತು.

"ದೀದಿ, ಸ್ವಲ್ಪ ಒಳಗೆ ಬನ್ನಿ," ಎಂದ ಶೀರೀನ್ ಬೇಗಂ ಗೋರಿಯ ಕಾವಲುಗಾರ ರಮ್ಜಾನಿ. ಅವನ ದನಿ ಎಂದಿನಂತಿರಲಿಲ್ಲ.

ಕುಸುಮ್ ಗೋರಿಯ ಕಟ್ಟಡದ ಒಳಗೆ ಹೋದಳು. ರಮ್ಜಾನಿ ಟಾರ್ಚು ಹಿಡಿದು ನಿಂತಿದ್ದ. ಶೀರೀನ್ ಬೇಗಮಳ ಬಿಳಿ ಗೋರಿಯ ಬುಡದಲ್ಲಿ ಅಮೃತಶಿಲೆ ಕೊರೆದು ಕೂರಿಸಿದ ಬಣ್ಣದ ಕಲ್ಲಿನ ಹೂ. ಐದು ಕೆಂಪು ಎಸಳು, ಕೆಳಗೆ ಹಸಿರು ಎಲೆ. ಅರ್ಧ ಗಂಟೆಯ ಹಿಂದೆ ಕುಸುಮ್ ಅದೇ ಹೂವಿಗೆ ತನ್ನ ಟಾರ್ಚು ಒತ್ತಿ ಹಿಡಿದು, ಮೇಲಿನ ಎಸಳು ಕೆಂಡದಂತೆ ಹೊಳೆಯುವುದನ್ನು ತನ್ನ ಗುಂಪಿಗೆ ತೋರಿಸಿದ್ದಳು. ಎಲ್ಲರೂ ಹಾ ಎಂದಿದ್ದರು.

ಈಗ ನಾಲ್ಕೇ ಎಸಳಿದ್ದವು. ಮೇಲಿನ ಎಸಳಿದ್ದ ಕಡೆ ಗುಳಿ.

"ನೀವು ಬಂದ ಮೇಲೆ ಬೇರೆ ಯಾರೂ ಬಂದಿಲ್ಲ," ಎಂದ ರಮ್ಜಾನಿ. "ಈ ಚಳೀಲಿ ತಾಜ್ ಬಿಟ್ಟು ಈ ಕಡೆ ದಡಕ್ಕೆ ಯಾರು ಬರ್ತಾರೆ? ಬೇಜಾರು ಮಾಡ್ಕೋಬೇಡಿ ದೀದಿ. ಗೇಟಿಗೆ ಬೀಗ ಹಾಕಿದೀನಿ. ಠಾಣೆಯ ದರೋಗಾಜಿಗೆ ಫೋನೂ ಮಾಡಿದೀನಿ."

"ಬೀಗ ಹಾಕೋ ಮುಂಚೆ ನನ್ನ ಒಂದು ಮಾತು ಕೇಳ್ಬಾರದಿತ್ತಾ ಚಾಚಾ?"

"ಕೇಳಿದ್ರೆ ನೀವು ಬೇಡ ಅಂತಿದ್ರಿ."

ಅದು ನಿಜ.

* * *

ಮೂರು ಕಡೆ ಎತ್ತರದ ಗೋಡೆ. ನಾಲ್ಕನೆಯ ಕಡೆ ಜಮುನೆ. ಇರುವುದು ಒಂದೇ ಬಾಗಿಲು. ಹೊಳೆಯಿಂದ ಮಂಜು ಏಳತೊಡಗಿತ್ತು. ಆಚೆ ದಡದಲ್ಲಿ ತಾಜ್‌ಮಹಲಿನ ಗುಮ್ಮಟ ಮಾತ್ರ ಕಾಣುತ್ತಿತ್ತು. ಮಗನ ಸೆರೆಯಲ್ಲಿದ್ದ ಬಾದಶಹ ಕೋಟೆಯ ಜಾಲಂಧ್ರದಿಂದ ಅದನ್ನೇ ನೋಡುತ್ತ ಪ್ರಾಣ ಬಿಟ್ಟ ಕಥೆಯನ್ನು ಕುಸುಮ್ ದಿನಕ್ಕೊಮ್ಮೆ ಹೇಳುತ್ತಿದ್ದಳು. ಹಾಗೆ ಬೀಗದ ಒಳಗಿನಿಂದ ಅದನ್ನು ನೋಡಿದ್ದು ಇವತ್ತೇ ಮೊದಲು.

ದರೋಗಾ ಓಂವೀರ್ ತೋಮರ್ ಒಬ್ಬ ಮಹಿಳಾ ಪೇದೆಯ ಜೊತೆ ಬಂದ. ಒಳಗೆ ಬಂದ ಮೇಲೆ ಮತ್ತೆ ಬೀಗ ಹಾಕಿಸಿದ. ಕಾವಲು ಕೋಣೆಯ ಮೇಜಿನ ಮುಂದೆ ಕುಳಿತ.

"ಕೊರಳಲ್ಲಿರೋದನ್ನ ಇಲ್ಲಿಡಿ ಮೇಡಂ."

ಕುಸುಮ್ ಗೈಡಿನ ಬ್ಯಾಡ್ಜು ತೆಗೆದು ಮೇಜಿನ ಮೇಲಿಟ್ಟಳು.

"ಕಲ್ಲು ಸಿಕ್ರೆ ವಾಪಸ್ ತಗೊಂಡು ಹೋಗಿ. ಸಿಗದಿದ್ರೆ ರಿಪೋರ್ಟಲ್ಲಿ ಮೊದಲನೇ ಹೆಸರು ನಿಮ್ದು. ಟಾರ್ಚ್ ಹಾಕಿ ತೋರಿಸಿದವರು ನೀವು, ಕರ್ಕೊಂಡು ಬಂದವರೂ ನೀವು. ಲೈಸೆನ್ಸ್ ಹೋದ ಮೇಲೆ ವಾಪಸ್ ಬರೋದು ಎಷ್ಟು ಕಷ್ಟ ಅಂತ ನಿಮಗೆ ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಇಬ್ಬರ ಲೈಸೆನ್ಸು ಹೋದದ್ದನ್ನು ಅವಳು ನೋಡಿದ್ದಳು. ಒಬ್ಬ ಈಗ ಪೇಠಾ ಮಿಠಾಯಿ ಅಂಗಡಿಯಲ್ಲಿ ಡಬ್ಬಿ ಕಟ್ಟುತ್ತಿದ್ದಾನೆ. ಇನ್ನೊಬ್ಬ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ.

ಗುಂಪಿನಲ್ಲಿದ್ದದ್ದು ನಾಲ್ಕು ಜನ. ಕೋಲ್ಕತ್ತಾದ ವಿಧವೆ ಇಂದ್ರಾಣಿ ಘೋಷಾಲ್. ಇಂದೋರಿನ ಹೊಸ ಜೋಡಿ ಹರ್ಷಿಲ್ ಮತ್ತು ಪಲಕ್. ದಿಲ್ಲಿಯ ಬಟ್ಟೆ ವ್ಯಾಪಾರಿ ವಿನೋದ್ ಸೂರಿ.

"ರೈಲು ತಪ್ಪುತ್ತೆ," ಎಂದ ಹರ್ಷಿಲ್. "ನಮ್ಮನ್ನ ಹೀಗೆ ಕೂಡಿಹಾಕೋಕೆ ನಿಮಗೇನು ಹಕ್ಕಿದೆ?"

"ರೈಲು ನಾಳೇನೂ ಇದೆ," ಎಂದ ತೋಮರ್. "ಜೇಬು ಖಾಲಿ ಮಾಡಿ."

* * *

ಮೊದಲು ಇಂದ್ರಾಣಿಯ ಚೀಲ ತೆರೆದರು. ಒಂದು ತಗಡಿನ ಡಬ್ಬಿ ಸಿಕ್ಕಿತು. ಅಲುಗಿಸಿದರೆ ಗಲಗಲ ಸದ್ದು. ಪೇದೆ ಮುಚ್ಚಳ ತೆಗೆದಳು. ಒಳಗೆ ಕಲ್ಲುಗಳು. ಒಂದು ಕೆಂಪಗಿತ್ತು.

ತೋಮರ್ ಅದನ್ನು ಎರಡು ಬೆರಳಲ್ಲಿ ಎತ್ತಿದ. "ಏನು ಮಾಜೀ ಇದು?"

"ಕಲ್ಲು. ಕಣ್ಣು ಕಾಣಲ್ವಾ?" ಎಂದಳು ಇಂದ್ರಾಣಿ. "ನಮ್ಮ ಯಜಮಾನರಿಗೆ ಊರು ಸುತ್ತೋ ಆಸೆ. ನೌಕರಿ ಬಿಡಲಿಲ್ಲ. ಈಗ ಹೋದಲ್ಲೆಲ್ಲ ಒಂದೊಂದು ಕಲ್ಲು ಎತ್ಕೊಂಡು ಹೋಗಿ ಅವರ ಫೋಟೋ ಮುಂದೆ ಇಡ್ತೀನಿ."

ಕುಸುಮ್ ಬಗ್ಗಿ ನೋಡಿದಳು. "ದರೋಗಾಜಿ, ಅದು ಕೋಟೆ ಪಾರ್ಕಿಂಗಿನ ಜಲ್ಲಿ. ಇವರು ಎತ್ತುವಾಗ ನಾನೇ ಪಕ್ಕದಲ್ಲಿದ್ದೆ."

"ಪಾರ್ಕಿಂಗಿಂದಾ?" ಇಂದ್ರಾಣಿಯ ಮುಖ ಬಾಡಿತು. "ಅಕ್ಬರನ ಕಾಲದ್ದು ಅಂದ್ಕೊಂಡಿದ್ದೆ."

ಪಲಕ್ ಚೀಲದಲ್ಲಿ ಬರೀ ಬಳೆ, ಬಾಚಣಿಗೆ. ಆಮೇಲೆ ಹರ್ಷಿಲ್. ಜೇಬಿನಲ್ಲಿ ಏನೂ ಇರಲಿಲ್ಲ. ಆದರೆ ಬೆರಳುಗಳು ಕಪ್ಪಾಗಿದ್ದವು. ಪ್ಯಾಂಟಿಗೆ ಒರೆಸಿಕೊಂಡ ಗುರುತೂ ಇತ್ತು.

"ಎಸಳು ಹೋದ ಗುಳಿ ಸುತ್ತ ಮಸಿ ಇದೆ," ಎಂದ ತೋಮರ್ ನಿಧಾನವಾಗಿ. "ನಿನ್ನ ಕೈಯಲ್ಲೂ ಮಸಿ. ಉಳಿದವರು ಹೊಳೆ ಕಡೆ ಇದ್ದಾಗ ನೀನು ಎಲ್ಲಿಗೋ ಹೋಗಿದ್ದೆಯಂತೆ. ಎಲ್ಲಿಗೆ?"

ಹರ್ಷಿಲ್ ಹೆಂಡತಿಯ ಮುಖ ನೋಡಿದ. ನೆಲ ನೋಡಿದ.

"ಕಾವಲುಗಾರ ಕೈ ಕಾಯಿಸೋ ಅಂಗೀಠಿಯಿಂದ ಆರಿದ ಇದ್ದಿಲು ತಗೊಂಡೆ. ಹಿಂದಿನ ಗೋಡೆ ಮೇಲೆ... ಹೆಸರು ಬರೆದೆ. ನಮ್ಮಿಬ್ಬರದು."

ಪಲಕ್ ಕೇಳಿದಳು: "ಮೊದಲು ಯಾರ ಹೆಸರು ಬರೆದೆ?"

"ನಂದು."

"ಗೊತ್ತಿತ್ತು."

ರಮ್ಜಾನಿ ಹೋಗಿ ನೋಡಿ ಬಂದ. "ಬರೆದಿದಾನೆ ದರೋಗಾಜಿ. ಹೃದಯ ಬೇರೆ ಬಿಡಿಸಿದಾನೆ. ನಾಳೆ ತಿಕ್ಕೋದು ನಾನೇ."

ಆದರೂ ತೋಮರ್ ಬಿಡಲಿಲ್ಲ. ಗೋಡೆಗೆ ಕೈ ಇಟ್ಟವನು ಗೋರಿಗೂ ಇಟ್ಟಿರುತ್ತಾನೆ ಎಂಬುದು ಅವನ ಲೆಕ್ಕ. ಹರ್ಷಿಲ್‌ನನ್ನು ಮೂಲೆಯಲ್ಲಿ ಕೂರಿಸಿದ.

ಕೊನೆಗೆ ಸೂರಿ. ಕರವಸ್ತ್ರ, ಹಣದ ಪಾಕೀಟು, ಒಂದು ಗೊಂಚಲು ಬೀಗದ ಕೈ. ಬೂಟು ಬಿಚ್ಚಿಸಿದರು. ಟೋಪಿ ತೆಗೆಸಿದರು. ಎಲ್ಲೂ ಏನೂ ಇಲ್ಲ.

"ನೀವೇನಾದ್ರೂ ನೋಡಿದ್ರಾ ಭಾಯಿಸಾಬ್?"

ಸೂರಿ ಗದ್ದ ಮೇಲೆತ್ತಿ, ಉಬ್ಬಿದ ಕೆನ್ನೆಯ ಕಡೆ ಬೆರಳು ತೋರಿಸಿ, ತುಟಿ ಬಿಚ್ಚದೆ "ಊಹೂಂ" ಎಂದ. ಆಗ್ರಾದಲ್ಲಿ ಅರ್ಧ ಊರು ಮಾತಾಡುವುದು ಹೀಗೆಯೇ. ಬಾಯಲ್ಲಿ ಪಾನ್ ಇದ್ದವನು ಕತ್ತು ಹಿಂದಕ್ಕೆ ವಾಲಿಸಿ ಸನ್ನೆ ಮಾಡಿದರೆ ಬ್ಯಾಂಕಿನವರೂ ಸುಮ್ಮನಿರುತ್ತಾರೆ, ದರೋಗಾನೂ ಸುಮ್ಮನಿರುತ್ತಾನೆ. ತೋಮರ್ ತಲೆಯಾಡಿಸಿ ಮೇಜಿಗೆ ವಾಪಸಾದ.

* * *

"ನಾನೊಂದ್ಸಲ ಗೋರಿ ನೋಡಿ ಬರ್ಲಾ?" ಎಂದಳು ಕುಸುಮ್.

"ನೋಡಿ. ಇಲ್ಲಿಂದ ಓಡಿಹೋಗೋಕಂತೂ ದಾರಿ ಇಲ್ಲ."

ಒಳಗೆ ಕತ್ತಲಾಗುತ್ತಿತ್ತು. ಅವಳು ಮಂಡಿಯೂರಿ ಕುಳಿತು ಟಾರ್ಚು ಹಾಕಿದಳು. ಗುಳಿಯ ಅಂಚಿನಲ್ಲಿ ಮಸಿ ಇತ್ತು, ಆದರೆ ಇದ್ದಿಲು ಉಜ್ಜಿದಂಥ ಹರಡಿದ ಮಸಿಯಲ್ಲ. ಕಡ್ಡಿಯಷ್ಟು ಅಗಲದ, ನೇರವಾದ ಸುಟ್ಟ ಗುರುತು. ಅಂಥದೇ ಗುರುತು ಇನ್ನೊಂದಿತ್ತು, ಕೆಳಗಿನ ಹಸಿರು ಎಲೆಯ ಮೇಲೆ. ಎಲೆ ಬಿರುಕು ಬಿಟ್ಟಿತ್ತು. ಆದರೆ ಜಾಗ ಬಿಟ್ಟು ಅಲುಗಿರಲಿಲ್ಲ.

ಅಂದರೆ ಕಳ್ಳ ಮೊದಲು ಎಲೆಗೆ ಕೈ ಹಾಕಿದ್ದ. ಅದು ಬರಲಿಲ್ಲ. ಎಸಳು ಬಂತು.

ಅವಳು ಗುಳಿಗೆ ಮೂಗು ಒಡ್ಡಿದಳು. ಪರಿಚಯದ ವಾಸನೆ. ಬಳೆ ಬಜಾರಿನಲ್ಲಿ ಬಳೆಗಾರರು ಅರಗಿನ ಬಳೆ ಕಾಯಿಸಿ ಕೈ ಅಳತೆಗೆ ಬಗ್ಗಿಸುವಾಗ ಬರುವ ವಾಸನೆ.

ಕುಸುಮ್ ಅಲ್ಲೇ ಕುಳಿತು ಇಡೀ ದಿನವನ್ನು ಹಿಂದಕ್ಕೆ ತಿರುವಿದಳು. ಬೆಳಿಗ್ಗೆಯಿಂದ ಗಾಡಿಯಲ್ಲಿ ಒಬ್ಬನೇ ಮಾತಾಡಿದ್ದು. ಬಾದಶಹನ ಹೆಂಡಿರ ಬಗ್ಗೆ ಜೋಕು, ಪೂರಿಯ ಎಣ್ಣೆ ಬಗ್ಗೆ ಜೋಕು. ಅಮೃತಶಿಲೆಯ ಅಂಗಡಿಯಲ್ಲಿ ಉಳಿದವರು ತಟ್ಟೆಯ ಬೆಲೆ ಕೇಳುತ್ತಿದ್ದಾಗ ಅವನು ಉಗುರಲ್ಲಿ ಹೂ ಕೆರೆದು, "ಅರಗಲ್ಲಿ ಕೂರಿಸಿದ್ದೋ, ಗಾರೆಯಲ್ಲೋ?" ಎಂದಿದ್ದ. ಬಟ್ಟೆ ವ್ಯಾಪಾರಿಗೆ ಅದೆಲ್ಲ ಯಾಕೆ ಎಂದು ಆಗ ಅವಳಿಗೆ ಅನ್ನಿಸಿರಲಿಲ್ಲ. ಈ ಗೋರಿಯ ಗೇಟಿನಲ್ಲಿ ರಮ್ಜಾನಿ ಎಂದಿನಂತೆ ಎಲ್ಲರ ಬಾಯಿ ತೆರೆಸಿದ್ದ. ಬಿಳಿ ಕಲ್ಲಿಗೆ ಉಗುಳಿಬಿಡುತ್ತಾರೆಂದು ಪಾನು, ಗುಟ್ಕಾ ಎಲ್ಲ ಬಾಗಿಲಲ್ಲೇ ಮರಳಿನ ಡಬ್ಬಕ್ಕೆ. "ಹತ್ತು ಹೆಜ್ಜೆ ಹಿಂದೆ ಹಾಕ್ಕೊಂಡ ಪಾನ್ ಚಾಚಾ, ಅದರ ಶಾಪ ನಿನಗೆ ತಟ್ಟುತ್ತೆ" ಎಂದು ಗೊಣಗಿ ಅವನೂ ಉಗುಳಿದ್ದ.

ಒಂದು ಗಂಟೆಯಿಂದ ಅವನು ಒಂದೂ ಜೋಕು ಹೇಳಿರಲಿಲ್ಲ.

ಅವಳು ಎದ್ದು ಮಂಡಿಯ ಧೂಳು ಕೊಡವಿಕೊಂಡಳು.

* * *

"ಚಾಚಾ, ಗೇಟಿನ ಹೊರಗಿನ ಅಂಗಡಿಯಿಂದ ಎಲ್ಲರಿಗೂ ಚಹಾ ಹೇಳಿ. ಶುಂಠಿ ಹಾಕಿದ್ದು. ಕುದಿಕುದೀತಾ ಇರ್ಬೇಕು."

"ಇದೇನು ಮದುವೆ ಮನೇನಾ?" ಎಂದ ತೋಮರ್.

"ಚಳಿ ಇದೆ ದರೋಗಾಜಿ. ನೀವೂ ಕುಡೀರಿ. ದುಡ್ಡು ನಂದು."

ಗೇಟಿನ ಕಿಂಡಿಯಿಂದ ಮಣ್ಣಿನ ಕುಲ್ಹಡಗಳು ಒಳಗೆ ಬಂದವು. ಹಬೆ ಏಳುತ್ತಿತ್ತು. ಇಂದ್ರಾಣಿ ಊದಿ ಊದಿ ಕುಡಿದಳು. ಪಲಕ್ ತನ್ನದರಲ್ಲಿ ಅರ್ಧ ಕುಡಿದು, ಕೋಪ ಇನ್ನೂ ಇಳಿಯದಿದ್ದರೂ, ಉಳಿದದ್ದನ್ನು ಮೂಲೆಯಲ್ಲಿದ್ದ ಗಂಡನಿಗೆ ಕೊಟ್ಟಳು. ತೋಮರ್ ಸೊರ್ ಎಂದು ಹೀರಿದ.

ಸೂರಿ ಕುಲ್ಹಡವನ್ನು ಎರಡು ಕೈಯಲ್ಲಿ ಹಿಡಿದು ಕುಳಿತಿದ್ದ.

"ಕುಡೀರಿ ಭಾಯಿಸಾಬ್. ಆರಿಹೋಗುತ್ತೆ."

ಅವನು ಕೆನ್ನೆ ತೋರಿಸಿದ.

"ಪಾನಾ? ಉಗುಳಿ ಬನ್ನಿ. ಡಬ್ಬ ಬಾಗಿಲಲ್ಲೇ ಇದೆ."

ಅವನು ಬೇಡವೆಂದು ಕೈಯಾಡಿಸಿದ.

"ಗೇಟಲ್ಲಿ ಉಗುಳಿಸಿದ್ನಲ್ಲ," ಎಂದ ರಮ್ಜಾನಿ, ಯಾರೂ ಕೇಳದೆಯೇ. "ಇದು ಎಲ್ಲಿಂದ ಬಂತು?"

ಸೂರಿ ಜೇಬು ತಟ್ಟಿ ತೋರಿಸಿದ. ಇನ್ನೊಂದು ಬೀಡಾ ಇಟ್ಟುಕೊಂಡಿದ್ದೆ ಎಂದು ಸನ್ನೆ.

"ಇರಬಹುದು," ಎಂದಳು ಕುಸುಮ್. "ದರೋಗಾಜಿ, ನೀವು ಈ ಊರಿನವರು. ಬಾಯಲ್ಲಿ ಪಾನ್ ಇಟ್ಕೊಂಡು ಒಂದು ಗಂಟೆ ಉಗುಳದೆ ಕೂತವರನ್ನ ಎಲ್ಲಾದ್ರೂ ನೋಡಿದೀರಾ?"

ತೋಮರ್ ಕುಲ್ಹಡ ಕೆಳಗಿಟ್ಟ. "ಒಂದು ಗಂಟೆ? ನಮ್ಮ ಭಾವಮೈದ ಹತ್ತು ನಿಮಿಷಕ್ಕೆ ಕಿಟಕಿ ಹುಡುಕ್ತಾನೆ."

"ತುಟಿ ನೋಡಿ. ಕೆಂಪೇ ಇಲ್ಲ."

ತೋಮರ್ ಎದ್ದು ಸೂರಿಯ ಮುಂದೆ ನಿಂತ. "ಬಾಯಿ ತೆಗೀರಿ."

ಸೂರಿ ಬಾಗಿಲ ಕಡೆ ನೋಡಿದ. ಬೀಗದ ಕೈ ರಮ್ಜಾನಿಯ ಸೊಂಟದಲ್ಲಿತ್ತು. ಗೋಡೆಗಳ ಕಡೆ ನೋಡಿದ. ಹೊಳೆಯ ಕಡೆ ನೋಡಿದ. ಇಷ್ಟು ಹೊತ್ತು ಕುಸುಮ್ ನೋಡುತ್ತಿದ್ದದ್ದೂ ಅದನ್ನೇ.

"ನುಂಗೋ ಯೋಚನೆ ಬೇಡ," ಎಂದ ತೋಮರ್. "ಆಸ್ಪತ್ರೆಗೆ ಕರ್ಕೊಂಡು ಹೋಗಿ ಕಾಯ್ತೀನಿ. ನನಗೇನು ಅವಸರ ಇಲ್ಲ."

ಸೂರಿ ಕರವಸ್ತ್ರಕ್ಕೆ ಉಗುಳಿದ. ಹಿಂಬದಿಗೆ ಅಂಟಿದ ಅರಗಿನ ಗಟ್ಟಿ ಸಮೇತ ಅಡಿಕೆ ಗಾತ್ರದ ಕೆಂಪು ಎಸಳು.

"ಅಯ್ಯೋ, ಶೀರೀನ್ ಬೇಗಂ ಗೋರಿ ಕಲ್ಲನ್ನ ಬಾಯಲ್ಲಿಟ್ಕೊಂಡಿದ್ನಾ," ಎಂದಳು ಇಂದ್ರಾಣಿ. "ತೊಳೆದಾದ್ರೂ ಇಟ್ಕೊಂಡ್ನಾ?"

* * *

"ಹೇಗೆ ಗೊತ್ತಾಯ್ತು?" ಎಂದು ಕೇಳಿದ ತೋಮರ್.

"ಗುಳಿ ಹತ್ತಿರ ಅರಗಿನ ವಾಸನೆ ಇತ್ತು. ಅರಗು ಬಿಸಿಗೆ ಕರಗುತ್ತೆ. ಬೆಂಕಿ ಇದ್ದದ್ದು ಚಾಚಾನ ಅಂಗೀಠಿಯಲ್ಲಿ ಮಾತ್ರ. ನಾವು ಕೈ ಕಾಯಿಸಿಕೊಂಡು ಹೊಳೆ ಕಡೆ ಹೋದ್ವಿ, ಇವರು ಬೆಂಕಿ ಹತ್ತಿರಾನೇ ಉಳಿದ್ರು. ಆ ಗೊಂಚಲಲ್ಲಿ ಉದ್ದನೆಯ ಕಬ್ಬಿಣದ ಬೀಗದ ಕೈ ನೋಡಿ. ತುದಿ ಕಪ್ಪಾಗಿದೆ. ಕರವಸ್ತ್ರದ ಮೂಲೆ ಸುಟ್ಟಿದೆ, ಅದರಲ್ಲೇ ಹಿಡ್ಕೊಂಡಿದ್ರು. ಕಾದ ಕಬ್ಬಿಣ ಒತ್ತಿದ್ರು, ಅರಗು ಮೆತ್ತಗಾಯ್ತು, ಎಸಳು ಎದ್ದು ಬಂತು. ಹರ್ಷಿಲ್ ಇದ್ದಿಲು ಹಿಡಿದಿದ್ದ. ಇದ್ದಿಲು ಅಷ್ಟು ನೇರವಾದ ಗೆರೆ ಸುಡಲ್ಲ."

"ಮತ್ತೆ ಚಹಾ?"

"ಬಾಯಲ್ಲಿ ಪಾನ್ ಇದ್ರೆ ಉಗುಳಿ ಚಹಾ ಕುಡೀತಾರೆ. ಕಲ್ಲಿದ್ರೆ ಎಲ್ಲಿ ಉಗುಳೋದು? ಸುಡೋ ಚಹಾ ಕುಡಿದ್ರೆ ಅರಗು ಕರಗಿ ಹಲ್ಲಿಗೆ ಮೆತ್ಕೊಳ್ಳುತ್ತೆ."

ಸೂರಿಗೆ ಈಗ ಬಾಯಿ ಬಂದಿತ್ತು. ಬಟ್ಟೆ ವ್ಯಾಪಾರವೆಲ್ಲ ಸುಳ್ಳು, ಹಳೆಯ ವಸ್ತು ಮಾರುವ ಅಂಗಡಿ ತನ್ನದೆಂದು ಒಪ್ಪಿಕೊಂಡ. ಮೊಗಲ್ ಗೋರಿಯ ಕಲ್ಲು ಎಂದರೆ ವಿದೇಶದ ಒಬ್ಬ ಗಿರಾಕಿ ಎರಡು ಲಕ್ಷ ಕೊಡುತ್ತಿದ್ದನಂತೆ.

"ಯಾವ ಮೊಗಲ್?" ಎಂದ ರಮ್ಜಾನಿ. "ಹೋದ ಮಳೆಗಾಲದಲ್ಲಿ ಹಳೇ ಎಸಳು ಒಡೆದು ಬಿತ್ತು. ಕಾರೀಗರ ಬಂದು ಬಜಾರಿನ ಕಲ್ಲು ಉಜ್ಜಿ, ಸದ್ಯಕ್ಕೆ ಇರ್ಲಿ ಅಂತ ಅರಗಲ್ಲಿ ಕೂರಿಸಿ ಹೋದ. ಹಳೇ ಕೈಯ ಕೆಲಸ ಬಿಸಿಗೆ ಬಿಡುತ್ತಾ? ಎಲೆಯನ್ನೂ ಕಾಯಿಸಿದ್ರಲ್ಲ, ಬಂತಾ?"

ಸೂರಿ ಕರವಸ್ತ್ರದಲ್ಲಿದ್ದ ಎಸಳಿನ ಕಡೆ ಬಗ್ಗಿ ನೋಡಿದ.

"ಕಲ್ಲಿಗೆ ಎಷ್ಟು ಚಾಚಾ?" ಎಂದು ಕೇಳಿದಳು ಕುಸುಮ್.

"ಅರವತ್ತು ರೂಪಾಯಿ. ಕೂಲಿ ಬೇರೆ."

ಹೊಸದಾದ್ದರಿಂದಲೇ ಅದು ಉಳಿದ ನಾಲ್ಕಕ್ಕಿಂತ ಚೆನ್ನಾಗಿ ಹೊಳೆಯುತ್ತಿತ್ತು. ಮಳೆಗಾಲದಿಂದ ಈಚೆಗೆ ಅದನ್ನೇ ಹುಡುಕಿ ಟಾರ್ಚು ಹಾಕಿ ಜನರಿಂದ ಹಾ ಅನ್ನಿಸಿಕೊಂಡದ್ದು ನೆನಪಾಗಿ ಕುಸುಮ್‌ಗೆ ನಗು ಬಂತು. ಪೂರ್ತಿ ಬರಲಿಲ್ಲ.

ಬೀಗ ತೆಗೆದರು. ತೋಮರ್ ಸೂರಿಯನ್ನು ಜೀಪಿಗೆ ಹತ್ತಿಸಿದ. ಹರ್ಷಿಲ್‌ಗೆ ಒಂದು ಬಕೆಟ್ಟು, ಒಂದು ಬ್ರಷ್ಷು ಕೊಟ್ಟು ಗೋಡೆಯ ಕಡೆ ಕಳಿಸಿದ. ಹೃದಯವನ್ನು ಪಲಕ್ ತಿಕ್ಕಿದಳು. ಹೆಸರುಗಳನ್ನು ಅವನಿಗೇ ಬಿಟ್ಟಳು. ಇಂದ್ರಾಣಿ ಪಾರ್ಕಿಂಗಿನ ಜಲ್ಲಿಯನ್ನು ಮತ್ತೆ ಡಬ್ಬಿಗೆ ಹಾಕಿಕೊಂಡಳು. ಯಜಮಾನರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದಳು.

ಕುಸುಮ್ ಮೇಜಿನ ಮೇಲಿದ್ದ ಬ್ಯಾಡ್ಜು ಎತ್ತಿ ಕೊರಳಿಗೆ ಹಾಕಿಕೊಂಡಳು. ಅದು ಉಳಿಯಿತು. ರೈಲು ತಪ್ಪಿತು, ಮೂವರಿಗೆ ರಾತ್ರಿಯ ಬಸ್ಸಿನ ಟಿಕೆಟ್ಟನ್ನು ಅವಳೇ ಕೊಡಿಸಿದಳು. ಅರವತ್ತು ರೂಪಾಯಿಯ ಎಸಳು ನಾಳೆ ನಾಡಿದ್ದರಲ್ಲಿ ಮತ್ತೆ ಕೂರುತ್ತದೆ. ಹಸಿರು ಎಲೆ ಮಾತ್ರ ಹಳೆಯದು. ಬಾದಶಹರ ಕಾಲದಲ್ಲಿ ಯಾರೋ ಕೂತು ಉಜ್ಜಿ ಕೂರಿಸಿದ್ದು. ಅದು ಬಿರುಕು ಬಿಟ್ಟಿತು. ಅದಕ್ಕೆ ರಿಪೇರಿ ಇಲ್ಲ.