ಒಬ್ಬರ ಅಗಲದ ದಾರಿ

ಗುಬ್ಬಿ ಹದಿನೇಳನೆಯ ತೂತಿಗೆ ಮಣ್ಣು ತುಂಬಿ ಬೂಟಿನಿಂದ ಒತ್ತುತ್ತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು.

“ಏಯ್! ನಿಲ್ಸು, ನಿಲ್ಸು! ಏನ್ ಮಾಡ್ತಿದ್ದೀಯಾ?”

ತೋಟದಕ್ಕ ಓಡಿ ಬರುತ್ತಿದ್ದರು. ಶಾಲೆಯ ಗಿಡ, ಹುಲ್ಲು ನೋಡಿಕೊಳ್ಳಲು ವಾರಕ್ಕೊಂದು ದಿನ ಬರುವವರು ಅವರು. ಒಂದು ಕೈಯಲ್ಲಿ ಮರಳಿನ ಬಕೆಟ್, ಇನ್ನೊಂದರಲ್ಲಿ ಮಣ್ಣು ಚುಚ್ಚುವ, ನಾಲ್ಕು ಹಲ್ಲಿನ ಉದ್ದನೆಯ ಕಬ್ಬಿಣದ ಫೋರ್ಕ್.

“ಯಾರೋ ಇಲ್ಲೆಲ್ಲಾ ತೂತು ಮಾಡಿಬಿಟ್ಟಿದ್ದಾರೆ ಅಕ್ಕ. ಅದಕ್ಕೇ ಮುಚ್ತಿದ್ದೆ.”

“ಆ ಯಾರೋ ನಾನೇ ಕಣಮ್ಮಾ! ಬೆಳಿಗ್ಗೆ ಆರು ಗಂಟೆಯಿಂದ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯ್ತು. ಮರಳು ತರೋಣ ಅಂತ ಆ ಕಡೆ ಹೋಗಿ ಈ ಕಡೆ ಬರೋದ್ರೊಳಗೆ ಪುಣ್ಯ ಕಟ್ಕೊಂಡ್ಯಲ್ಲ!”

ಗುಬ್ಬಿಯ ಮುಖ ಸಣ್ಣಗಾಯಿತು.

ಬೇಲಿಯಿಂದ ನೀರಿನ ಟ್ಯಾಂಕಿನವರೆಗೆ, ಹಸಿರು ಹುಲ್ಲಿನ ನಡುವೆ, ಬೋಳು ಮಣ್ಣಿನ ಪಟ್ಟಿಯೊಂದು ನೆಟ್ಟಗೆ ಬೈತಲೆಯ ಹಾಗೆ ಬಿದ್ದಿತ್ತು. ಅದು ಹೇಗಾಯಿತೆಂದು ಗುಬ್ಬಿಗೆ ಮಾತ್ರ ಗೊತ್ತು.

ಅವಳು ಈ ಶಾಲೆಗೆ ಸೇರಿ ಮೂರು ತಿಂಗಳಾಗಿತ್ತು. ಮೊದಲ ವಾರ ಊಟದ ಬಿಡುವಿನಲ್ಲಿ ನಲ್ಲಿಯ ಹತ್ತಿರ ನಿಂತಿದ್ದಾಗ ಮಿಸ್ ಒಬ್ಬರು, “ಯಾಕಮ್ಮಾ ಒಬ್ಬಳೇ ನಿಂತಿದ್ದೀಯಾ?” ಎಂದು ಎಲ್ಲರ ಮುಂದೆ ಕೇಳಿದ್ದರು. ಮರುದಿನದಿಂದ ಗುಬ್ಬಿ ನಿಲ್ಲಲೇ ಇಲ್ಲ. ಬೇಲಿಯಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಬೇಲಿಗೆ ನಡೆದಳು. ನಡೆಯುತ್ತಿದ್ದರೆ ಯಾರೂ ಏನೂ ಕೇಳುವುದಿಲ್ಲ. ಎಲ್ಲಿಗೋ ಹೊರಟ ಹಾಗೆ ಕಾಣುತ್ತದೆ.

ಹುಲ್ಲು ಹಳದಿಯಾದಾಗ ಅವಳು ತನ್ನ ಬಾಟಲಿಯ ನೀರು ಸುರಿದಿದ್ದಳು. ನೀರು ಇಂಗದೆ, ತಟ್ಟೆಯಲ್ಲಿ ನಿಂತ ಹಾಗೆ ನಿಂತಿತ್ತು.

“ತುಳಿದೂ ತುಳಿದೂ ಕಲ್ಲಾಗಿದೆ,” ಎಂದು ತೋಟದಕ್ಕ ಕೂತು ಮಣ್ಣನ್ನು ಬೆರಳಿನಿಂದ ಬಡಿದರು. ಟಕ್ ಟಕ್ ಎಂದಿತು. “ಒಳಗೆ ಗಾಳಿ ಹೋಗಲ್ಲ, ನೀರು ಹೋಗಲ್ಲ. ಪಾಪ, ಬೇರು ಏನ್ ಮಾಡುತ್ತೆ? ಅದಕ್ಕೇ ಈ ತೂತು.”

ಆಮೇಲೆ ತಲೆ ಓರೆ ಮಾಡಿ ಆ ಪಟ್ಟಿಯನ್ನೇ ನೋಡಿದರು.

“ಆಟದಲ್ಲಿ ತುಳಿದಿದ್ರೆ ಅಲ್ಲಲ್ಲಿ ಬೋಳಾಗಿರೋದು. ಇಬ್ಬರು ಮಾತಾಡ್ಕೊಂಡು ನಡೆದಿದ್ರೆ ಇಷ್ಟಗಲ ಇರೋದು.” ಎರಡೂ ಕೈ ಚಾಚಿ ತೋರಿಸಿದರು. ಮತ್ತೆ ಒಂದು ಗೇಣು ಮಾಡಿದರು. “ಇದು ನೋಡು, ಒಬ್ಬರ ಅಗಲ.”

ಗುಬ್ಬಿ ತನ್ನ ಬೂಟು ನೋಡಿಕೊಂಡಳು. ತೋಟದಕ್ಕ ಫೋರ್ಕನ್ನು ಅವಳ ಕೈಗಿಟ್ಟರು.

“ಮುಚ್ಚಿದೋರೇ ತೆಗೀಬೇಕು. ಮೇಲೆ ಕಾಲಿಟ್ಟು ಭಾರ ಬಿಡು.”

ಗುಬ್ಬಿ ಕಾಲಿಟ್ಟಳು. ಫೋರ್ಕ್ ಜಗ್ಗಲಿಲ್ಲ. ಎರಡೂ ಕಾಲಿಟ್ಟು ಕುಣಿದಳು. ಒಂದು ಇಂಚು ಇಳಿಯಿತು.

“ಗಾಳಿ ಕುಡಿದು ಬೆಳೆದಿದ್ದೀಯೇನೇ?” ತೋಟದಕ್ಕ ನಕ್ಕರು. ಆಮೇಲೆ ನಗು ನಿಲ್ಲಿಸಿ ಮೆಲ್ಲಗೆ ಹೇಳಿದರು, “ಇಷ್ಟು ಹಗುರದೋಳು ಇಷ್ಟು ಗಟ್ಟಿ ಮಾಡ್ಬೇಕಂದ್ರೆ, ಎಷ್ಟು ನಡೆದಿರ್ಬೇಕು!”

ಗುಬ್ಬಿ ತಲೆ ಎತ್ತದೆ ಫೋರ್ಕನ್ನು ಮತ್ತೆ ಒತ್ತಿದಳು.

ಇಬ್ಬರೂ ಸೇರಿ ಹದಿನೇಳನ್ನೂ ಮತ್ತೆ ಚುಚ್ಚಿ, ಮರಳು ಉದುರಿಸಿದರು. ತೋಟದಕ್ಕ ಸುತ್ತ ಹಗ್ಗ ಕಟ್ಟಿದರು. “ಇನ್ನು ಒಂದು ತಿಂಗಳು ಯಾರೂ ಇಲ್ಲಿ ಕಾಲಿಡೋ ಹಾಗಿಲ್ಲ.”

“ಮತ್ತೆ ನಾನು ಎಲ್ಲಿ ನಡೀಲಿ?” ಮಾತು ಬಾಯಿಂದ ಜಾರಿಬಿಟ್ಟಿತು.

ತೋಟದಕ್ಕ ಹಗ್ಗದ ಗಂಟನ್ನು ಸುಮ್ಮನೆ ಇನ್ನೊಮ್ಮೆ ಬಿಗಿ ಮಾಡಿದರು. “ನಾನು ಬರೋದು ಇನ್ನು ಮುಂದಿನ ವಾರ ಕಣಮ್ಮಾ. ದಿನಾ ಒಂದು ಬಕೆಟ್ ನೀರು ಹಾಕ್ತೀಯಾ? ಹಗ್ಗದ ಹೊರಗೆ ನಿಂತು.”

ಬೆಲ್ ಹೊಡೆಯಿತು.

ಊಟದ ಬಿಡುವಿನಲ್ಲಿ ಗುಬ್ಬಿ ಬಕೆಟ್ ತುಂಬಿಸಿದಳು. ಎತ್ತಲಾಗಲಿಲ್ಲ. ಅರ್ಧ ಚೆಲ್ಲಿದರೆ ಸಾಲದು. ಸುತ್ತ ನೋಡಿದಳು. ಎಲ್ಲರೂ ಗುಂಪು ಗುಂಪಾಗಿ ಕೂತಿದ್ದರು. ಯಾರನ್ನೂ ಕರೆಯದೆ ಬಕೆಟ್ಟಿನ ಹಿಡಿಯನ್ನು ಮತ್ತೊಮ್ಮೆ ಜಗ್ಗಿದಳು.

ಬಿ ಸೆಕ್ಷನ್ನಿನ ಸೋಡಾಬುಡ್ಡಿ ಕನ್ನಡಕದ ಹುಡುಗಿ ಡಬ್ಬಿ ತೊಳೆಯಲು ಬಂದಳು. ಗುಬ್ಬಿ ಬಕೆಟ್ಟಿನ ಕಡೆ ನೋಡುತ್ತಲೇ, “ಸ್ವಲ್ಪ... ಹಿಡ್ಕೊತೀಯಾ?” ಎಂದಳು.

“ಓ, ನೀನಾ? ದಿನಾ ಸ್ಪೀಡಾಗಿ ನಡೀತಿರ್ತೀಯಲ್ಲ! ಏನೋ ಅರ್ಜೆಂಟ್ ಕೆಲಸ ಇರುತ್ತೆ, ಕರೆದ್ರೆ ಬೈತಾಳೆ ಅಂದ್ಕೊಂಡಿದ್ವಿ. ನಿನ್ನ ಹೆಸರೇನು?”

“ಮನೇಲಿ... ಗುಬ್ಬಿ ಅಂತಾರೆ.”

“ಅದಕ್ಕೇ ಬಕೆಟ್ ಎತ್ತೋಕಾಗಲ್ಲ!”

ಬಕೆಟ್ಟಿನ ಹಿಡಿಯನ್ನು ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ಹಿಡಿದು, ನೀರು ತುಳುಕಿಸುತ್ತಾ ಹೋದರು. ಸುರಿದ ನೀರು ಒಂದು ಕ್ಷಣ ನಿಂತಿತು. ಆಮೇಲೆ ತೂತುಗಳಲ್ಲಿ ಗುಳುಗುಳು ಎಂದು ಇಳಿದುಹೋಯಿತು. ಕನ್ನಡಕದ ಹುಡುಗಿ, “ಅಯ್ಯೋ, ನನ್ನ ಡಬ್ಬಿ!” ಎಂದು ಓಡಿದಳು. ತನ್ನ ಗುಂಪಿನಲ್ಲಿ ಹೋಗಿ ಕೂತಳು.

ಗುಬ್ಬಿ ಖಾಲಿ ಬಕೆಟ್ ಹಿಡಿದು ಹಿಂದಿರುಗಿದಳು. ನಲ್ಲಿಯ ಮುಂದಿನ ಸಿಮೆಂಟಿನ ಮೇಲೆ ಒದ್ದೆ ಬೂಟುಗಳ ಗುರುತು ಎರಡು ಸಾಲಾಗಿ ಬಿದ್ದಿತ್ತು. ಅವಳು ತೋಟದಕ್ಕ ತೋರಿಸಿದ್ದ ಹಾಗೆ ಎರಡೂ ಕೈ ಚಾಚಿ ಅಳೆದು ನೋಡಿದಳು.

ಬಿಸಿಲಿಗೆ ಗುರುತು ಆರತೊಡಗಿತ್ತು. ಗುಬ್ಬಿ ಅದನ್ನು ತುಳಿಯದೆ, ಪಕ್ಕದಲ್ಲೇ, ಎಂದಿಗಿಂತ ನಿಧಾನವಾಗಿ ನಡೆದಳು.