ದೀಪ ಹಚ್ಚುವ ಹೊತ್ತಿನ ಕೆಂಡ

ನಾನು ಕಾಂತರಾಜು. ಶಾಲೆಯ ಟೀಚರುಗಳಿಗೆ ಕಾಡಿನಲ್ಲಿ ಬದುಕಿ ಉಳಿಯುವುದನ್ನು ಕಲಿಸುವವನು. ಬೆಂಕಿಪೊಟ್ಟಣ ಮುಟ್ಟಿ ಹತ್ತು ವರ್ಷವಾಯಿತು ಎಂದು ಹೋದಲ್ಲೆಲ್ಲ ಕೊಚ್ಚಿಕೊಳ್ಳುವವನು. ಅಂಥವನಿಗೆ ಆ ಸಂಜೆ ಹಳೇಕೋಟೆಯ ಗುಡ್ಡದ ಮೇಲೆ, ನಿಸರ್ಗಳ ಕಣ್ಣೆದುರೇ ಬೆಂಕಿ ಕೈಕೊಟ್ಟಿತು.

ನಿಸರ್ಗ ಹಿರೀಸಾವೆ ಕಡೆಯ ಪಿ.ಟಿ. ಟೀಚರ್. ಎರಡು ವರ್ಷದಲ್ಲಿ ಇದು ಅವಳ ಮೂರನೇ ಕ್ಯಾಂಪ್, ಕೊನೆಯದೂ ಹೌದು. ಬೆಳಗಾದರೆ ಬಸ್ ಹತ್ತುತ್ತಾಳೆ. ಹೇಳಬೇಕಾದ ಮಾತು ಮಾತ್ರ ಎರಡು ವರ್ಷದಿಂದ ನನ್ನ ಗಂಟಲಲ್ಲೇ ಇತ್ತು.

ಕ್ಯಾಂಪಿನಲ್ಲಿ ಅವರವರ ಬೆಂಕಿ ಅವರವರೇ ಹೊತ್ತಿಸಿ ಟೀ ಕಾಯಿಸಬೇಕು. ನಿಯಮ ನನ್ನದೇ. ಕಿಡಿ ಕಾರುವ ಲೋಹದ ಕಡ್ಡಿ, ನನ್ನ ಫೆರೋ ರಾಡನ್ನು ಗೀಚಿದೆ, ಕಿಡಿಯೇನೋ ಸುರಿಯಿತು. ಆದರೆ ಅವಳನ್ನು ನೋಡುವ ಭರದಲ್ಲಿ ಹತ್ತಿಯನ್ನು ಒದ್ದೆ ಹುಲ್ಲಿನ ಮೇಲೆ ಇಟ್ಟುಬಿಟ್ಟಿದ್ದೆ.

"ಏನ್ ಸಾ, ಪಟಾಕಿ ಹೊಡೀತಿದೀರಾ?" ಓರೆಗಣ್ಣಿನಲ್ಲಿ ನಕ್ಕಳು.

ಬ್ಯಾಗಿನಿಂದ ಒಂದು ಕಲ್ಲು, ಒಂದು ಉಕ್ಕಿನ ತುಂಡು ತೆಗೆದಳು. "ನಮ್ ತಾತ ದ್ಯಾವಯ್ಯಂದು. ಬೀಡಿ ಹಚ್ಚಕ್ಕೆ ಇಟ್ಕಂಡಿತ್ತು."

ಟಕ್. ಟಕ್. ಒಂದೇ ಒಂದು ಕಿಡಿ, ಅದಕ್ಕೆಂದೇ ಸುಟ್ಟು ತಂದಿದ್ದ ಕರಕಲು ಬಟ್ಟೆಯ ಮೇಲೆ ಕೂತು ಮೆಲ್ಲಗೆ ಕೆಂಪಾಗಿ ಹರಡಿತು. ಅದನ್ನು ತೆಂಗಿನ ನಾರಿನ ಗೂಡಿನೊಳಗಿಟ್ಟು, ಮುಖದ ಹತ್ತಿರ ಎತ್ತಿ ಹಿಡಿದು, ಮಗುವಿನ ಕಣ್ಣಿಗೆ ಊದುವಷ್ಟು ಹಗುರಾಗಿ ಊದಿದಳು. ಹೊಗೆ ಬಂತು. ಮತ್ತೆ ಊದಿದಳು. ಭಗ್ಗನೆ ಅವಳ ಎರಡೂ ಅಂಗೈ ಬೆಳಗಿದವು.

"ಬಂತು," ಎಂದು ಪಿಸುಗುಟ್ಟಿ, ಉರಿಯುವ ಗೂಡನ್ನು ಒಲೆಗಲ್ಲುಗಳ ನಡುವೆ ಇಟ್ಟು ಕಡ್ಡಿ ಜೋಡಿಸತೊಡಗಿದಳು.

ನಾನು ನೂರಾರು ಸಲ ಬೆಂಕಿ ಹೊತ್ತಿಸಿದ್ದೇನೆ. ಅದು ಹುಟ್ಟುವುದನ್ನು ನೋಡಿದ್ದು ಅವತ್ತೇ.

"ಒಂದು ಕೆಂಡ ಕೊಡ್ತೀರಾ ಮೇಡಂ?" ಸೋತು ಕೇಳಿದೆ.

ಅವಳು ಗುಡ್ಡದ ಕೆಳಗೆ ಕೈ ತೋರಿದಳು. ಊರಿನಲ್ಲಿ ಒಂದೊಂದೇ ದೀಪ ಕಾಣತೊಡಗಿತ್ತು. "ದೀಪ ಹಚ್ಚೋ ಹೊತ್ತಾಯ್ತಲ್ಲ ಸಾ. ಈ ಹೊತ್ನಲ್ಲಿ ಒಲೆ ಕೆಂಡ ಹೊರಗಿನೋರ್ಗೆ ಕೊಟ್ರೆ ಲಕ್ಷ್ಮಿ ಹೊಂಟೋಯ್ತಾಳೆ ಅಂತ ನಮ್ಮವ್ವ ಬೈತದೆ."

"ಒಳಗಿನೋರಿಗಾದ್ರೆ?"

ಅವಳ ಕೈಯ ಕಡ್ಡಿ ಅರ್ಧದಲ್ಲೇ ನಿಂತಿತು. "ಹೊಗೇಲಿ ಸರಿಯಾಗಿ ಕೇಳಿಸ್ಲಿಲ್ಲ. ಬಿಡಿಸಿ ಹೇಳಿ."

"ನಿಮ್ಮನ್ನ ಮದ್ವೆ ಆಗ್ಬೇಕು ಅಂತ ಆಸೆ, ನಿಸರ್ಗ. ಎರಡು ವರ್ಷದಿಂದ."

ಅವಳು ತಲೆ ಎತ್ತಲಿಲ್ಲ. ಒಂದು ಕಡ್ಡಿ ಇಟ್ಟಳು, ಇನ್ನೊಂದು ಇಟ್ಟಳು.

"ಒಳಗಿನೋರು ಬ್ಯಾರೆ ಒಲೆ ಹೂಡಲ್ಲ ಕಣ್ರೀ," ಎಂದಳು ಕೊನೆಗೆ. ಈ ಸಲ 'ಸಾ' ಇರಲಿಲ್ಲ. "ನಿಮ್ ಪಾತ್ರೆ ತಂದು ಇಲ್ಲೇ ಇಡಿ."

ಉಳಿದ ಟೀಚರುಗಳೆಲ್ಲ ನೋಡುತ್ತಿದ್ದರು. ನನ್ನ ನಿಯಮವನ್ನು ನಾನೇ ಮುರಿದು, ಪಾತ್ರೆಯನ್ನು ಅವಳ ಬೆಂಕಿಯ ಮೇಲಿಟ್ಟೆ.