ಗಾಜಿನ ಮೇಲೆ ಸೆತ್ತಿ ಅಜ್ಜಿ

“ಅಣ್ಣಾ, ಆ ಫೋಟೋ ತೆಗೆದುಹಾಕು! ಈಗಲೇ!”

ಬೆನ್ನಿನ ಬ್ಯಾಗನ್ನೂ ಇಳಿಸದೆ ಜುಲೀಖಾ ಏದುಸಿರು ಬಿಡುತ್ತಿದ್ದಳು. ಬಕೀರ್ ಕಂಪ್ಯೂಟರಿನಿಂದ ತಲೆ ಎತ್ತಿದ.

“ಯಾವ ಫೋಟೋನೇ?”

“ಸೆತ್ತಿ ಅಜ್ಜೀದು! ಮಾರ್ಕೆಟ್ ಹತ್ರ ಟ್ರಾವೆಲ್ಸ್ ಅಂಗಡಿ ಇದೆಯಲ್ಲ, ಅದರ ಗಾಜಿಗೆ ಅಂಟಿಸಿದ್ದಾರೆ. ಬಾಗಿಲಷ್ಟು ದೊಡ್ಡದು!”

ಬಕೀರ್ ಕುರ್ಚಿಯಿಂದ ಎದ್ದೇಬಿಟ್ಟ.

ರಜೆಯಲ್ಲಿ ಕೇರಿಯವರೆಲ್ಲ ಒಂದೇ ಬಸ್ಸಿನಲ್ಲಿ ಸಹಾರಾ ಮರಳುಗಾಡಿನ ತಿಮಿಮೂನ್ ಊರಿಗೆ ಹೋಗಿದ್ದರು. ಅಲ್ಲಿನ ಕೆಂಪು ಗೋಡೆಗಳ ಓಣಿಯಲ್ಲಿ, ಅದೇ ಕೇರಿಯ ಸೆತ್ತಿ ಅಜ್ಜಿ ಒಬ್ಬರೇ ನಡೆಯುತ್ತಿದ್ದರು. ಹೊರಗೆ ಹೊರಟರೆ ಅವರದು ಮೈತುಂಬ ಬಿಳಿ ಹೊದಿಕೆ, ಕಾಣುವುದು ಒಂದೇ ಒಂದು ಕಣ್ಣು. ಅವತ್ತು ಓಣಿಯಲ್ಲಿ ಯಾರೂ ಇಲ್ಲವೆಂದುಕೊಂಡು ಅಜ್ಜಿ ಹೊದಿಕೆ ಸರಿಸಿದರು. ಗಾಳಿ ಬಂದತ್ತ ತಿರುಗಿ, ಮುಖವೊಡ್ಡಿ ನಕ್ಕರು. ಹಿಂದೆ ಸದ್ದಿಲ್ಲದೆ ಬರುತ್ತಿದ್ದ ಜುಲೀಖಾ ಅಣ್ಣನ ಫೋನಿನಲ್ಲಿ ಕ್ಲಿಕ್ ಮಾಡಿದ್ದಳು.

ಬಕೀರ್ ಅದನ್ನು ಫೋಟೋ ಮಾರುವ ವೆಬ್‌ಸೈಟಿಗೆ ಹಾಕಿದ. ಯಾರೋ ಕೊಂಡುಕೊಂಡಾಗ ಇಬ್ಬರೂ ಕುಣಿದಾಡಿದ್ದರು.

“ಫೋಟೋದಲ್ಲಿರೋರ ಒಪ್ಪಿಗೆ ಇದೆಯಾ ಅಂತ ಕೇಳಿತ್ತು ಕಣೇ. ಹೂಂ ಅಂತ ಒತ್ತಿಬಿಟ್ಟೆ,” ಎಂದ ಬಕೀರ್. “ಸೈಟಿಂದ ತೆಗೀತೀನಿ. ಆದ್ರೆ ಕೊಂಡವರ ಹತ್ರ ಇರೋದು? ಇನ್ನೂ ಎಲ್ಲೆಲ್ಲಿ ಅಂಟಿಸಿದ್ದಾರೋ!”

ಬಾಗಿಲು ಬಡಿದ ಸದ್ದಾಯಿತು.

“ಯಾರಿದ್ದೀರ್ರೋ ಒಳಗೆ? ಹೊಸ ಖರ್ಜೂರ ತಂದಿದೀನಿ!”

ಸೆತ್ತಿ ಅಜ್ಜಿ! ಬಾಗಿಲು ತೆರೆಯುತ್ತ ಜುಲೀಖಾ ಯೋಚಿಸಿದಳು. ಸುಮ್ಮನಿದ್ದುಬಿಡಲೇ? ಆದರೆ ನಾಳೆ ಮಾರ್ಕೆಟ್ಟಿಗೆ ಹೋದರೆ ಅಜ್ಜಿಗೇ ಕಾಣುತ್ತದೆ. ಅಷ್ಟು ಜನರ ಎದುರಿಗೆ.

“ಅಜ್ಜೀ...” ಎಂದಳು. ಆಮೇಲೆ ತೊದಲುತ್ತ, ತಡವರಿಸುತ್ತ ಎಲ್ಲವನ್ನೂ ಹೇಳಿದಳು.

ಅಜ್ಜಿ ಫೋನು ಕೇಳಿ ಇಸಿದುಕೊಂಡರು. ತುಂಬ ಹೊತ್ತು ನೋಡಿದರು. ಬೈಯಲಿಲ್ಲ. ಎರಡೇಟು ಕೊಟ್ಟಿದ್ದರೂ ಜುಲೀಖಾಗೆ ಹಗುರವಾಗುತ್ತಿತ್ತು.

“ನೀನು ನನ್ನ ಹಿಂದೇನೇ ಇದ್ಯಾ?”

“ಹೂಂ.”

“ನಾನೊಬ್ಬಳೇ ಅಂದ್ಕೊಂಡಿದ್ದೆನಲ್ಲೇ, ಮಗಳೇ.”

“ಈಗಲೇ ಹೋಗಿ ಅಂಗಡಿಯವರ ಕಾಲು ಹಿಡಿದಾದ್ರೂ ತೆಗೆಸ್ತೀನಿ ಅಜ್ಜಿ,” ಎನ್ನುತ್ತ ಬಕೀರ್ ಹೊರಗೆ ಓಡಿದ.

ಅಜ್ಜಿಯೂ ಹೊರಟರು. ಹೊಸ್ತಿಲಲ್ಲಿ ನಿಂತು ಓಣಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಮಾಳಿಗೆಗಳ ಕಡೆ ಕಣ್ಣೆತ್ತಿದರು. ಹೊದಿಕೆಯನ್ನು ಇನ್ನಷ್ಟು ಎಳೆದು ಬಿಗಿಹಿಡಿದರು. ಬೆಕ್ಕುಗಳನ್ನು ಗದರಿಸುತ್ತ ಕೇರಿಯೆಲ್ಲ ಸುತ್ತುತ್ತಿದ್ದ ಅಜ್ಜಿ ಹೀಗೆ ಹೆದರಿದ್ದನ್ನು ಜುಲೀಖಾ ಎಂದೂ ಕಂಡಿರಲಿಲ್ಲ.

“ಅಜ್ಜಿ, ನಿಮ್ಮನೆ ತನಕ ನಾನೂ ಬರಲಾ?”

ಜುಲೀಖಾ ಚಪ್ಪಲಿಗೆ ಕಾಲು ಹಾಕದೆ ಕಾದಳು.

“ಬಾ,” ಎಂದರು ಕೊನೆಗೆ.

ಜುಲೀಖಾ ಬೇಗ ಬೇಗ ಹೆಜ್ಜೆ ಹಾಕಿ, ಅಜ್ಜಿಯ ಕಣ್ಣಿಗೆ ಕಾಣುವ ಹಾಗೆ ಅವರ ಪಕ್ಕದಲ್ಲೇ ನಡೆದಳು.